ಎಡಗಡೆ ಕೊಂಚ ಮಸುಕು

"ಒಂದು ದಿನ ಲೆನ್ಸನ್ನ ಮರೆತು, ನಿನ್ನನ್ನೇ ನೋಡಿ ಒಂದು ಫೋಟೋ ತೆಗೀತೀನಿ, ಆಯ್ತಾ?" ಎಂದು ಅವನು ಹೆಂಡತಿಗೆ ಮಾತು ಕೊಟ್ಟದ್ದು ಹದಿನೆಂಟು ವರ್ಷದ ಹಿಂದೆ.

ಆಗ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಉತ್ತರಕ್ಕೊಂದು ದೊಡ್ಡ ಕಿಟಕಿ, ಕಿಟಕಿಯ ಪಕ್ಕ ಬೆತ್ತದ ಒಂದು ಸ್ಟೂಲು. ಅದರ ಮೇಲೆ ಅವಳನ್ನು ಕೂರಿಸಿ, ಎದುರಿಗೆ ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಅವನು ಇಪ್ಪತ್ತೆರಡು ಫೋಟೋ ತೆಗೆದಿದ್ದ. ಹೊಸ ಹೆಂಡತಿ, ಪಾಪ, ಇದೆಲ್ಲ ತನ್ನ ಮೇಲಿನ ಪ್ರೀತಿ ಎಂದುಕೊಂಡು ಇಪ್ಪತ್ತೆರಡು ಸಲವೂ ತುಟಿ ನೋಯುವಷ್ಟು ನಕ್ಕಿದ್ದಳು. ಮುಗಿದ ಮೇಲೆ ಎದ್ದು ಬಂದು "ಎಲ್ಲಿ, ತೋರಿಸಿ" ಎಂದು ಇಣುಕಿದರೆ ಪರದೆಯ ಮೇಲೆ ಇದ್ದದ್ದು ಅವಳ ಮುಖವಲ್ಲ. ಕಿವಿಯ ಪಕ್ಕದ ನಾಲ್ಕೆಳೆ ಕೂದಲು, ಹಗ್ಗದಷ್ಟು ದಪ್ಪವಾಗಿ.

"ಇದೇನ್ರೀ ಇದು? ನಾನೆಲ್ಲಿ?"

"ತಡಿ, ಅಂಚು ಹೆಂಗೆ ಬಂದಿದೆ ಅಂತ ನೋಡ್ತಿದೀನಿ."

"ಅಂಚಾ? ನಾನು ತಲೆ ಬಾಚಿ, ಪೌಡರ್ ಹಚ್ಚಿ, ಇದ್ದಬದ್ದ ಒಳ್ಳೆ ಬಟ್ಟೆ ಹಾಕ್ಕೊಂಡು ಕೂತಿದ್ದು ನಿಮ್ಮ ಅಂಚಿಗಾ?"

"ಸಿಟ್ಟಾಗ್ಬೇಡ ಕಣೇ. ಇದು ಪರೀಕ್ಷೆಗೆ ಬಂದಿರೋ ಲೆನ್ಸು. ಸೋಮವಾರ ವಾಪಸ್ ಕಳಿಸ್ಬೇಕು. ನಿಂದು ಬೇರೆ ತೆಗೀತೀನಿ."

"ಯಾವಾಗ?"

ಆಗ ಅವನು ಆ ಮಾತು ಕೊಟ್ಟದ್ದು. ಅವಳು ಅರೆಗಳಿಗೆ ಅವನ ಮುಖವನ್ನೇ ನೋಡಿ, "ಕಾಯ್ತೀನಿ ಬಿಡಿ, ಓಡಿಹೋಗಲ್ಲ. ನಿಮ್ಮನ್ನ ಕಟ್ಕೊಂಡಿಲ್ಲ ನಾನು, ಒಂದು ಭೂತಗನ್ನಡೀನ ಕಟ್ಕೊಂಡಿದೀನಿ" ಎಂದು ಒಳಗೆ ಹೋಗಿ ಒಲೆಯ ಮೇಲೆ ಉಕ್ಕುತ್ತಿದ್ದ ಹಾಲು ಇಳಿಸಿದಳು. ಅವತ್ತಿನಿಂದ ಮನೆಯಲ್ಲಿ ಅವನಿಗೆ ಅದೇ ಹೆಸರು. ಮಗಳಿಗೆ ಮಾತು ಬಂದ ಮೇಲೆ ಅವಳೂ ಕೋಪ ಬಂದಾಗ "ಹೋಗು ಭೂತಗನ್ನಡಿ" ಎನ್ನುತ್ತಿದ್ದಳು.

ಅವನ ಕೆಲಸವೇ ಅಂಥದ್ದು. ಛಾಯಾಗ್ರಾಹಕರು ಓದುವ ಒಂದು ಮಾಸಪತ್ರಿಕೆಗೆ ಹೊಸ ಲೆನ್ಸುಗಳನ್ನೂ ಫೋಟೋ ತಿದ್ದುವ ತಂತ್ರಾಂಶಗಳನ್ನೂ ಪರೀಕ್ಷಿಸಿ ಬರೆಯುವುದು. ಲೆನ್ಸು ಪೆಟ್ಟಿಗೆಯಲ್ಲಿ ಬರುತ್ತಿತ್ತು, ಒಂದು ವಾರ ಮನೆಯಲ್ಲಿ ನೆಂಟನ ಹಾಗೆ ಇರುತ್ತಿತ್ತು, ಹೊರಟುಹೋಗುತ್ತಿತ್ತು. ಬೇರೆ ಪರೀಕ್ಷಕರೆಲ್ಲ ಇಟ್ಟಿಗೆ ಗೋಡೆಯ ಮುಂದೆ ಕ್ಯಾಮೆರಾ ಇಟ್ಟು, ಮೂಲೆ ಮೂಲೆಯ ಇಟ್ಟಿಗೆಯನ್ನು ದೊಡ್ಡದು ಮಾಡಿ ನೋಡಿ, ಲೆನ್ಸು ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದರು. ಇವನಿಗೆ ಅದು ನಗೆಪಾಟಲು. "ಮನೇಲಿ ಗೋಡೆ ಫೋಟೋ ಯಾರ್ರೀ ನೇತುಹಾಕ್ತಾರೆ? ಮುಖ ತೆಗೆಯೋ ಲೆನ್ಸನ್ನ ಮುಖದ ಮೇಲೇ ನೋಡ್ಬೇಕು" ಎಂದು ಸಂಪಾದಕರ ಹತ್ತಿರ ಹಟ ಹಿಡಿದಿದ್ದ. ಹಟ ಗೆದ್ದಿತು. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಕಿಟಕಿಯ ಬೆಳಕು ಅಲುಗದೆ ನಿಲ್ಲುವ ಹೊತ್ತು. ಅದೇ ಸ್ಟೂಲು, ಅದೇ ಹೆಂಡತಿ, ಹಿಂದಿನ ಗೋಡೆಗೆ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ ಹಳೆಯ ಪತ್ರಿಕೆಯ ಹಾಳೆ. ಮೊದಲು ಲೆನ್ಸಿನ ಬಾಯಿ ಪೂರ್ತಿ ತೆರೆದು ಒಂದು, ಆಮೇಲೆ ಒಂದೊಂದೇ ಮೆಟ್ಟಿಲು ಕಿರಿದು ಮಾಡುತ್ತ ಇನ್ನೊಂದು, ಮತ್ತೊಂದು. ಓದುಗರಿಗೆ ಆ ಮುಖ ಗುರುತಾಗಿಹೋಗಿತ್ತು. "ಈ ಸಲ ಅಕ್ಕಾವರ ಮೂಗುತಿ ಸ್ಪಷ್ಟವಾಗಿ ಬಂದಿದೆ" ಎಂದು ಯಾರೋ ಓದುಗರು ಪತ್ರ ಬರೆದದ್ದನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು.

ಅವಳು ಹೋಗಿ ಎಂಟು ತಿಂಗಳಾಯಿತು. ತಲೆಯೊಳಗೆ ಗಡ್ಡೆ. ಗೊತ್ತಾದ ಮೇಲೆ ಉಳಿದದ್ದು ಹತ್ತೊಂಬತ್ತು ದಿನ.

ಆಮೇಲೆ ಮನೆಯಲ್ಲಿ ಅವನು, ಹತ್ತನೇ ತರಗತಿಯ ಮಗಳು, ಆ ಸ್ಟೂಲು. ಬೆಳಿಗ್ಗೆ ಡಬ್ಬಿ ಕಟ್ಟುವುದು, ಒಗೆದ ಯೂನಿಫಾರ್ಮಿನ ಒಂದು ಕಾಲುಚೀಲ ಎಲ್ಲಿ ಹೋಯಿತೆಂದು ಹುಡುಕುವುದು, ಇಸ್ತ್ರಿ ಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವನು ಮತ್ತೆ ಹತ್ತಿ ಬರುವುದು. ಮಗಳನ್ನು ಬಸ್ಸು ಹತ್ತಿಸಿ ಬಂದು ಬಾಗಿಲು ಹಾಕಿದರೆ ಮನೆ ಮೌನ. ಹತ್ತು ಗಂಟೆಗೆ ಕಿಟಕಿಯ ಬೆಳಕು ಬಂದು ಸ್ಟೂಲಿನ ಮೇಲೆ ಕೂರುತ್ತಿತ್ತು. ಹೊತ್ತೇರಿ ಬೆತ್ತ ಬೆಚ್ಚಗಾಗುತ್ತಲೂ ಅದರ ಹೆಣಿಗೆ ಒಮ್ಮೆ ಕಿರ್ ಎನ್ನುತ್ತಿತ್ತು, ಅವಳು ಕೂತಾಗ ಎನ್ನುತ್ತಿದ್ದ ಹಾಗೆಯೇ. ಬೆತ್ತ ಸೆಕೆಗೆ ಹಿಗ್ಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ದಿನ ತಲೆಯೆತ್ತಿ ನೋಡುತ್ತಿದ್ದ.

ಒಂದು ದಿನ ಮಗಳು ಶೂಗೆ ದಾರ ಕಟ್ಟಿಕೊಳ್ಳುತ್ತಲೇ ಕೇಳಿದಳು:

"ಅಪ್ಪಾ, ಅಮ್ಮಂದು ಒಂದು ಒಳ್ಳೆ ಫೋಟೋ ಹಾಕ್ಕೊಡು. ನನ್ನ ಟೇಬಲ್ ಮೇಲೆ ಇಟ್ಕೋಬೇಕು."

"ಅದಕ್ಕೇನು, ರಾಶಿ ಇದೆ."

"ರಾಶಿ ಬೇಡ. ಒಂದು. ಅಮ್ಮ ಥರ ಇರೋದು."

"ಅಮ್ಮನ ಫೋಟೋ ಅಮ್ಮ ಥರ ಇರದೆ ಪಕ್ಕದ್ಮನೆ ಆಂಟಿ ಥರ ಇರುತ್ತಾ?"

"ನೀನು ತೆಗೆದ್ರೆ ಏನೂ ಹೇಳೋಕಾಗಲ್ಲ" ಎಂದು ಅವಳು ಬ್ಯಾಗು ಹೆಗಲಿಗೇರಿಸಿ ಓಡಿದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಕೊಂಕು ಕೇಳಿ ಅವನಿಗೆ ಹಿತವಾಯಿತು. ಇವತ್ತೇ ಮುಗಿಸಿಬಿಡೋಣವೆಂದು ಕಂಪ್ಯೂಟರಿನ ಮುಂದೆ ಕೂತ.

ಹೆಂಡತಿಯ ಹೆಸರಿನಲ್ಲಿ ಒಂದು ಫೋಲ್ಡರೂ ಇರಲಿಲ್ಲ. ಇದ್ದವೆಲ್ಲ ಲೆನ್ಸುಗಳ ಹೆಸರಲ್ಲಿ. ಮಿಲಿಮೀಟರಿನ ಲೆಕ್ಕದಲ್ಲಿ ಐವತ್ತು, ಎಂಬತ್ತೈದು, ನೂರ ಮೂವತ್ತೈದು. ಅವುಗಳೊಳಗೆ ಅವಳು ಆರುನೂರ ಹದಿನಾಲ್ಕು ಸಲ ಕೂತಿದ್ದಳು. ಒಂದರಲ್ಲಿ ಕಣ್ಣು ಸ್ಪಷ್ಟ, ತುಟಿ ಕರಗಿದೆ. ಒಂದರಲ್ಲಿ ಕೂದಲಿನ ಸುತ್ತ ನೇರಳೆ ಗೆರೆ. ಒಂದರಲ್ಲಿ ಕಿಟಕಿಯ ಬೆಳಕು ಲೆನ್ಸಿನೊಳಗೆ ನುಗ್ಗಿ ಅರ್ಧ ಮುಖವೇ ಹೊಗೆ. ಹೊಸ ಹೆಂಡತಿ, ಬಸುರಿ, ಬಾಣಂತಿ, ಕನ್ನಡಕ ಬಂದ ಮೇಲಿನ ಹೆಂಗಸು, ಎಲ್ಲರೂ ಅದೇ ಸ್ಟೂಲಿನ ಮೇಲೆ ಅದೇ ಕಡೆ ನೋಡುತ್ತ ಕಾಯುತ್ತಿದ್ದರು. ಮುಖ ಸರಿಯಿದ್ದಲ್ಲಿ ನಗು ಇರಲಿಲ್ಲ, ನಗುವಿದ್ದಲ್ಲಿ ಮುಖ ಸರಿಯಿರಲಿಲ್ಲ. ಸಂಜೆ ಬಸ್ಸಿಳಿದ ಮಗಳಿಗೆ "ಇನ್ನೊಂದು ವಾರ ತಾಳು" ಎಂದ.

ಅದೇ ವಾರ ಪತ್ರಿಕೆಯಿಂದ ಪರೀಕ್ಷೆಗೆಂದು ಮೂರು ತಂತ್ರಾಂಶ ಬಂದಿದ್ದವು. ಒಂದು ಮಸುಕಾದ ಮುಖವನ್ನು ಸ್ಪಷ್ಟ ಮಾಡುವುದು, ಒಂದು ಮುಖದ ಊನ ತಿದ್ದುವುದು, ಮತ್ತೊಂದು ಅಲುಗಿದ ಫೋಟೋವನ್ನು ನಿಲ್ಲಿಸುವುದು. ಹೇಗೂ ನೋಡಲೇಬೇಕು, ಅವಳ ಫೋಟೋದ ಮೇಲೇ ನೋಡಿದರಾಯಿತು ಎಂದುಕೊಂಡ.

ಮೊದಲನೆಯದಕ್ಕೆ ಒಂದು ಮಸುಕು ಫೋಟೋ ಕೊಟ್ಟ. ಪರದೆಯ ಮೇಲೆ ಒಂದು ಗೆರೆ ಮೇಲಿನಿಂದ ಕೆಳಗೆ ಮೆಲ್ಲಗೆ ಇಳಿಯುತ್ತ ಬಂತು. ಗೆರೆಯ ಮೇಲಕ್ಕೆ ಹೊಸ ಮುಖ, ಕೆಳಕ್ಕೆ ಹಳೆಯದು. ಹಣೆ ಬಂತು. ಹುಬ್ಬು ಬಂತು. ಕಣ್ಣು ಬಂದಾಗ ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಚೊಕ್ಕ, ಆದರೆ ಅವು ಅವಳ ರೆಪ್ಪೆಯಲ್ಲ. ಯಾರೋ ಬೇರೆಯವಳು ಅವಳ ಸೀರೆ ಉಟ್ಟು, ಅವಳ ಮೂಗುತಿ ಇಟ್ಟು, ಅವಳ ಸ್ಟೂಲಿನ ಮೇಲೆ ಕೂತು ಅವನನ್ನು ನೋಡುತ್ತಿದ್ದಳು. ಎರಡನೆಯದು ಇನ್ನೂ ಒಂದು ಕೈ ಮೇಲೆ. ಗಲ್ಲದ ಮಚ್ಚೆಯನ್ನು ಕಲೆ ಎಂದುಕೊಂಡು ಒರೆಸಿಹಾಕಿತು, ಮುಚ್ಚಿದ ತುಟಿಯನ್ನು ತೆರೆದು ಒಳಗೊಂದು ಸಾಲು ಹಲ್ಲು ಇಟ್ಟಿತು. ಆರು ಫೋಟೋ ಕೊಟ್ಟರೆ ಒಂದೇ ಮನೆಯ ಆರು ಅಕ್ಕತಂಗಿಯರು ಬಂದರು. ಅವಳೊಬ್ಬಳು ಬರಲಿಲ್ಲ. ಕಂಪ್ಯೂಟರು ಆರಿಸಲು ಹೋದರೆ ಆರೂ ಮುಖ ಸಾಲಾಗಿ ನಿಂತು ನಗುತ್ತಿದ್ದವು. ಅವನು ಎದ್ದು ಹೋಗಿ ಒಣಹಾಕಿದ್ದ ಟವೆಲು ತಂದು ಪರದೆಗೆ ಹೊದಿಸಿದ.

ಸಂಜೆ ಮಗಳು, "ಕಂಪ್ಯೂಟರಿಗೆ ಸ್ನಾನ ಮಾಡಿಸಿದ್ಯಾ?" ಎಂದಳು.

"ಧೂಳು ಕಣಮ್ಮಾ."

"ಫೋಟೋ?"

"ಆಗ್ತಾ ಇದೆ."

ಮರುದಿನ ಮೂರನೆಯದು. ಅಲುಗಿದ್ದನ್ನು ನಿಲ್ಲಿಸುವ ತಂತ್ರಾಂಶ ಇದ್ದದ್ದರಲ್ಲಿ ಪ್ರಾಮಾಣಿಕ. ತನಗೆ ತೋಚಿದ್ದನ್ನು ಬರೆಯುತ್ತಿರಲಿಲ್ಲ. ಮೊದಲು ಫೋಟೋವನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕ ಎಷ್ಟು ಅಲುಗಿದೆ, ಯಾವ ಕಡೆ ಅಲುಗಿದೆ ಎಂದು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗುರುತು ಹಾಕಿ ತೋರಿಸುತ್ತಿತ್ತು. ಅಲುಗದಿದ್ದರೆ ಚುಕ್ಕೆ. ಅಲುಗಿದ್ದರೆ, ಅಲುಗಿದ ದಾರಿಯಷ್ಟು ಉದ್ದದ ಗೆರೆ. ಕ್ಯಾಮೆರಾ ಹಿಡಿದವನ ಕೈ ನಡುಗಿದರೆ ಎಲ್ಲ ಚೌಕದಲ್ಲೂ ಒಂದೇ ಥರದ ಗೆರೆ ಬರಬೇಕು. ಟ್ರೈಪಾಡಿನ ಮೇಲೆ ತೆಗೆದದ್ದರಲ್ಲಿ ಬರೀ ಚುಕ್ಕೆ.

ಎರಡೂವರೆ ವರ್ಷದ ಹಿಂದಿನ ಒಂದು ಎಂಬತ್ತೈದರ ಲೆನ್ಸಿನ ಫೋಟೋ ತೆಗೆದುಕೊಂಡ. ಅದು ಅವನಿಗೆ ನೆನಪಿತ್ತು. 'ಎಡಗಡೆ ಕೊಂಚ ಮಸುಕು' ಎಂದು ಬರೆದು, ಒಳಗಿನ ಗಾಜು ಓರೆಯಾಗಿದೆಯೆಂದು ವಾಪಸ್ಸು ಮಾಡಿದ್ದ ಲೆನ್ಸು.

ಚುಕ್ಕೆ, ಚುಕ್ಕೆ, ಚುಕ್ಕೆ. ಕಪ್ಪು ಹಾಳೆಯ ತುಂಬ ನಕ್ಷತ್ರ ಇಟ್ಟ ಹಾಗೆ ಚುಕ್ಕೆ. ಹಿಂದಿನ ಗೋಡೆಯ ಪತ್ರಿಕೆಗಳ ಮೇಲೆ ಎರಡೂ ಕಡೆ ಚುಕ್ಕೆ. ಅವಳ ಹಣೆ, ಕತ್ತು, ಒಂದು ಕೆನ್ನೆಯ ಮೇಲೆ ಚುಕ್ಕೆ. ಎಡಗಡೆಯ ಕೆನ್ನೆಯ ಮೇಲೆ, ತುಟಿಯ ತುದಿಯ ಹತ್ತಿರ, ಒಂದೇ ಒಂದು ಚೌಕದಲ್ಲಿ ಮಾತ್ರ ಸಣ್ಣ ಕೊಕ್ಕೆ.

ತಂತ್ರಾಂಶ ತಪ್ಪಿದೆ ಎಂದುಕೊಂಡ. ಅದಾಗಿ ನಾಲ್ಕು ತಿಂಗಳ ಮೇಲೆ ಬಂದ ಇನ್ನೊಂದು ಲೆನ್ಸಿನದು ಹಾಕಿದ. ಅದೇ ಜಾಗ, ಅದೇ ಕೊಕ್ಕೆ, ಕೊಂಚ ಉದ್ದ. ಅದರಾಚೆಯದರಲ್ಲಿ ಚುಕ್ಕೆ, ನಡುಕ ಬಂದು ಹೋಗುವಂಥದ್ದಾಗಿತ್ತು. ಅದರಾಚೆಯದರಲ್ಲಿ ಮತ್ತೆ ಕೊಕ್ಕೆ, ಈಗ ಕಣ್ಣಿನ ಕೆಳಗೂ ಒಂದು. ಕೊನೆಯದನ್ನೂ ಸೇರಿಸಿ ಕೊಕ್ಕೆ ಬಂದದ್ದು ನಾಲ್ಕು ಲೆನ್ಸಿನಲ್ಲಿ, ನಾಲ್ಕೂ ಬೇರೆ ಬೇರೆ ಕಾರ್ಖಾನೆಯವು. ಕೊನೆಯ ಲೆನ್ಸಿನ ಹೊತ್ತಿಗೆ ಅದು ಗಾಳದ ಹಾಗೆ ಬಾಗಿ ಕೆನ್ನೆಯ ಉದ್ದಕ್ಕೂ ಬಂದಿತ್ತು.

ಕಿರ್ ಎಂದಿತು ಸ್ಟೂಲು. ಹತ್ತು ಗಂಟೆ.

ಊಟ ಮಾಡದೆ ಅವನು ಲೆನ್ಸು ರಿಪೇರಿಯವನ, ಎಲ್ಲರೂ ಲೆನ್ಸ್ ಡಾಕ್ಟರು ಎನ್ನುತ್ತಿದ್ದವನ, ಅಂಗಡಿಗೆ ಹೋದ. ಎರಡು ದೊಡ್ಡ ಅಂಗಡಿಗಳ ಸಂದಿಯಲ್ಲಿ ಒಬ್ಬ ಮನುಷ್ಯ ಅಡ್ಡಲಾಗಿ ಮಲಗಲಾರದಷ್ಟು ಅಗಲದ ಜಾಗ. ಮೇಜಿನ ಮೇಲೆ ಬಿಚ್ಚಿದ ಗಾಜುಗಳು, ಒರೆಸುವ ಬಟ್ಟೆ, ಸೂಜಿಯಷ್ಟು ಸಣ್ಣ ತಿರುಪುಳಿ. ಕಣ್ಣಿಗೊಂದು ದುರ್ಬೀನು ಸಿಕ್ಕಿಸಿಕೊಂಡ ಮುದುಕ ತಲೆ ಎತ್ತಲಿಲ್ಲ. ವಾಪಸ್ಸು ಹೋಗುವ ಲೆನ್ಸುಗಳನ್ನು ಬಿಚ್ಚಿ ನೋಡಿ ತೀರ್ಪು ಹೇಳುವುದು ಇವನೇ.

"ಬಾರಪ್ಪಾ. ಈಗ ಯಾವ ಮಗೂಗೆ ಕಾಯಿಲೆ?"

"ಎರಡೂವರೆ ವರ್ಷದ ಹಿಂದೆ ಒಂದು ಎಂಬತ್ತೈದು ಕೊಟ್ಟಿದ್ದೆ. ಎಡಗಡೆ ಮಸುಕು ಅಂತ. ನೆನಪಿದೆಯಾ?"

"ನೆನಪಿಲ್ಲದೆ ಏನು? ಜಗಳ ಆಡಿದ್ಯಲ್ಲಪ್ಪಾ ಇದೇ ಬಾಗಿಲಲ್ಲಿ ನಿಂತು. ಬಿಚ್ಚಿದೆ, ನೋಡಿದೆ, ಗಾಜು ಎಳ್ಳಷ್ಟೂ ಓರೆ ಇಲ್ಲ ಅಂದೆ. ನಿನ್ನ ದುರ್ಬೀನಿಗೆ ಪೊರೆ ಬಂದಿದೆ ಅಂದೆ ನೀನು."

"ಅಂದ್ನಾ?"

"ಅಂದೆ. ಮಾರಿದವರು ನೀನು ಹೇಳಿದ್ದನ್ನ ನಂಬಿದ್ರು, ನನ್ನನ್ನಲ್ಲ. ಬೇಡ ಅಂತ ಇಲ್ಲೇ ಬಿಟ್ಹೋದ್ರು." ಮುದುಕ ಹಿಂದಿನ ಕಪಾಟಿಗೆ ಕೈ ಹಾಕಿ, ನೋಡದೆಯೇ ಅದನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟ. "ಆ ಎರಡು ವರ್ಷ ನಿನ್ನ ಕೈಗೆ ಬಂದ ಲೆನ್ಸೆಲ್ಲ ಎಡಗಡೆನೇ ಕೆಡ್ತಾ ಇದ್ವು. ನೀನು ನಾಲ್ಕು ಕಳಿಸ್ದೆ. ನಾಲ್ಕೂ ನೆಟ್ಟಗೇ ಇದ್ವು. ಇವನಿಗೇನೋ ಎಡಗಡೆಯ ಶನಿ ಅಂದ್ಕೊಂಡೆ. ಯಾಕೆ, ಈಗ್ಯಾಕೆ ಬಂತು ಇದರ ಮಾತು?"

"ಇನ್ನೊಂದ್ಸಲ ನೋಡೋಣ ಅಂತ."

"ತಗೊಂಡ್ಹೋಗು. ಆದ್ರೆ ಈ ಸಲ ಗೋಡೆ ಮೇಲೆ ನೋಡು. ಗೋಡೆ ಉಸಿರಾಡಲ್ಲ."

ಮುದುಕ ಆ ಮಾತನ್ನು ಬೇರೆ ಅರ್ಥವಿಟ್ಟು ಹೇಳಿದ್ದಲ್ಲ. ಅವನಿಗೆ ಇವನ ಹೆಂಡತಿ ಹೋದದ್ದೂ ತಿಳಿದಿರಲಿಲ್ಲ. ಇವನು ಹೇಳಲೂ ಇಲ್ಲ. ಲೆನ್ಸನ್ನು ಕೈಚೀಲದಲ್ಲಿ ಎದೆಗವಚಿಕೊಂಡು ಮನೆಗೆ ನಡೆದ.

ಮರುದಿನ ಹತ್ತಕ್ಕೆ ಗೋಡೆಗಡಿಯಾರ ಇಳಿಸಿ ಸ್ಟೂಲಿನ ಮೇಲೆ ಒರಗಿಸಿ ಇಟ್ಟ. ಅಷ್ಟೇ ದೂರ, ಅಷ್ಟೇ ಎತ್ತರ. ಲೆನ್ಸಿನ ಬಾಯಿ ಪೂರ್ತಿ ತೆರೆದು ಒಂದು, ಕಿರಿದು ಮಾಡಿ ಒಂದು. ದೊಡ್ಡದು ಮಾಡಿ ನೋಡಿದ. ಬಲಗಡೆಯ ಮೂರು ಎಷ್ಟು ಚೊಕ್ಕವೋ ಎಡಗಡೆಯ ಒಂಬತ್ತೂ ಅಷ್ಟೇ ಚೊಕ್ಕ. ಒಂಬತ್ತರ ಪಕ್ಕ ಕೂತಿದ್ದ ಧೂಳಿನ ಕಣವೂ ಕಂಡಿತು.

ಹಳೆಯ ಸಂಚಿಕೆ ತೆಗೆದು ತಾನು ಬರೆದದ್ದನ್ನು ಓದಿದ. 'ಸಾಮಾನ್ಯವಾಗಿ ಲೆನ್ಸಿನ ಬಾಯಿ ಕಿರಿದು ಮಾಡಿದಷ್ಟೂ ಅಂಚುಗಳು ಸುಧಾರಿಸುತ್ತವೆ. ವಿಚಿತ್ರವೆಂದರೆ ಇದರಲ್ಲಿ ಎಡಗಡೆಯ ಮಸುಕು ಹೆಚ್ಚುತ್ತ ಹೋಗುತ್ತದೆ.' ಬಾಯಿ ಕಿರಿದಾದಷ್ಟೂ ಬೆಳಕು ಕಡಿಮೆ, ಬೆಳಕು ಕಡಿಮೆಯಾದಷ್ಟೂ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು, ಹೆಚ್ಚು ಹೊತ್ತು ತೆರೆದಷ್ಟೂ ನಡುಗುವುದು ಹೆಚ್ಚು ಕಾಣುತ್ತದೆ. ಕ್ಯಾಮೆರಾ ಹಿಡಿದ ಮೊದಲ ವಾರದಲ್ಲಿ ಕಲಿಯುವ ಪಾಠ. ಆ ಸಾಲು ಬರೆದು, ಮೂರು ಸಲ ತಿದ್ದಿ, 'ವಿಚಿತ್ರವೆಂದರೆ' ಎಂಬ ಮಾತು ಚೆನ್ನಾಗಿ ಕೂತಿದೆ ಎಂದು ಮೆಚ್ಚಿಕೊಂಡು ಕಳಿಸಿದ್ದ. ಪಕ್ಕದಲ್ಲೇ ಅಚ್ಚಾಗಿದ್ದ ಫೋಟೋದಲ್ಲಿ ಹಿಂದಿನ ಗೋಡೆಯ ಎಡಗಡೆಯ ಹಾಳೆಯನ್ನು ಯಾರು ಬೇಕಾದರೂ ಓದಬಹುದಿತ್ತು. ಅವನು ಓದಿರಲಿಲ್ಲ. ಅವನು ನೋಡುತ್ತಿದ್ದದ್ದು ದೊಡ್ಡದು ಮಾಡಿದ ಒಂದು ಅಂಗೈ ಅಗಲದ ಕೆನ್ನೆಯನ್ನು.

ಗಡ್ಡೆ ಆಗಲೇ ಎಡಗಡೆಯ ಕೆನ್ನೆಯನ್ನು ಎಳೆಯುತ್ತಿದ್ದರೆ ಅವಳ ಎಡಗೈಗೂ ಏನಾದರೂ ಆಗಿತ್ತೇ ಎಂದು ಎರಡು ದಿನ ನೆನಪು ಕೆದಕಿದ. ಏನೂ ಸಿಗಲಿಲ್ಲ. ಮೂರನೆಯ ದಿನ ಡಬ್ಬಿಯ ಮುಚ್ಚಳ ಒತ್ತುತ್ತಿದ್ದವನಿಗೆ ಹೊಳೆಯಿತು: ಎದುರಿಗೆ ಕೂತವರ ಬಲಗಡೆ ಫೋಟೋದಲ್ಲಿ ಎಡಗಡೆ. ಅದು ಅವಳ ಬಲಗೆನ್ನೆ. ಬಲಗೈ.

ಬಲಗೈ ಎಂದ ಕೂಡಲೇ ಎಲ್ಲ ಒಟ್ಟಿಗೆ ಬಂತು. ಎಡಗೈಯಲ್ಲಿ ಚಮಚ ಹಿಡಿದು ಪಾತ್ರೆ ಕಲಕುತ್ತಿದ್ದದ್ದು. "ಒತ್ತಿ ಮಲಗಿದ್ದೆ ರೀ, ಜೋಮು ಹಿಡಿದಿದೆ." ಕೈ ಜಾರಿ ಒಡೆದ ಮೂರು ಲೋಟ. "ಸೋಪು ಜಾಸ್ತಿ ಆಗಿತ್ತು." ಶಾಲೆಯ ಚೀಟಿಗೆ ಸಹಿ ಹಾಕುವುದನ್ನು ಅವನಿಗೆ ದಾಟಿಸಿದ್ದು. "ನೀವೇ ಹಾಕಿ, ನನ್ನಕ್ಷರ ಇತ್ತೀಚೆಗೆ ಕೋಳಿ ಕೆದರಿದ ಹಾಗಿದೆ."

ಇನ್ನೊಂದು ನೆನಪೂ ಬಂತು. ಅದು ಬಾರದಿದ್ದರೆ ಚೆನ್ನಾಗಿತ್ತು. ಎರಡನೆಯ ಲೆನ್ಸು ವಾಪಸ್ಸು ಕಟ್ಟುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಕೇಳಿದ್ದಳು:

"ಇದೂ ಎಡಗಡೆನೇನ್ರೀ?"

"ಹೂಂ."

"ನಾನೇ ಏನಾದ್ರೂ ಅಲ್ಲಾಡ್ತಿದೀನೇನೋ. ಒಂಥರಾ ಕೆನ್ನೆ ಒಳಗೆ ಎಳೆದ ಹಾಗೆ ಆಗುತ್ತೆ ಒಮ್ಮೊಮ್ಮೆ."

"ನೀನಲ್ಲ ಕಣೇ, ಲೆನ್ಸು. ಹದಿನಾರು ವರ್ಷದಿಂದ ನಿನ್ನ ಮುಖ ನೋಡ್ತಿದೀನಿ, ನಂಗೆ ಗೊತ್ತಾಗಲ್ವಾ?"

"ಅದೂ ನಿಜವೇ," ಎಂದಿದ್ದಳು ಅವಳು, ಹಗುರವಾಗಿ, ದೊಡ್ಡ ಡಾಕ್ಟರು ಏನೂ ಇಲ್ಲ ಹೋಗಮ್ಮ ಎಂದು ಕಳಿಸಿದವರ ಹಾಗೆ. ನಿಜವಾದ ಡಾಕ್ಟರು ಆಮೇಲೆ ಹೇಳಿದ್ದು ಇಷ್ಟೇ: "ಒಂದೂವರೆ ವರ್ಷ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಮುಖದಲ್ಲಿ ಏನೂ ಗಮನಿಸಲಿಲ್ವಾ?" ಗಮನಿಸಲಿಲ್ಲ ಎಂದಿದ್ದ ಅವನು. ಗಮನಿಸಿ, ಬರೆದು, ಅಚ್ಚು ಹಾಕಿಸಿದ್ದ.

ಅವತ್ತು ಬೆಳಿಗ್ಗೆಯೇ ಕೂತು ಅವನು ಒಂದು ಫೋಟೋ ಕಟ್ಟಿದ. ಮೊದಲ ವರ್ಷದ ನಗು, ಐದನೆಯ ವರ್ಷದ ಕಣ್ಣು, ಕನ್ನಡಕ ಬಂದ ಮೇಲಿನ ಹಣೆಯ ಎರಡು ನೆರಿಗೆ. ಮೂರೂ ತಂತ್ರಾಂಶಗಳನ್ನು ಬಳಸಿದ. ತೆಗೆದುಹಾಕಿದ್ದ ಮಚ್ಚೆಯನ್ನು ಕೈಯಾರೆ ಮತ್ತೆ ಇಟ್ಟ. ಹದಿನೆಂಟು ವರ್ಷದ ಕಸುಬು ಅದರಲ್ಲಿತ್ತು. ಯಾರಿಗೆ ತೋರಿಸಿದರೂ ಇದೆಷ್ಟು ಪ್ರೀತಿಯಿಂದ ತೆಗೆದದ್ದು ಎನ್ನುತ್ತಿದ್ದರು. ಇದನ್ನು ಮಗಳ ಮೇಜಿನ ಮೇಲಿಟ್ಟರೆ ಮುಗಿಯಿತು. ಆ ಕೊನೆಯ ಎರಡು ವರ್ಷದ ಫೋಟೋಗಳನ್ನು ಅಳಿಸಿಬಿಟ್ಟರೆ ಪೂರ್ತಿ ಮುಗಿಯಿತು. ಅಪ್ಪ ನೋಡಿಯೂ ನೋಡಲಿಲ್ಲ ಎಂಬುದು ಅವಳಿಗೆ ಎಂದೂ ತಿಳಿಯುವುದಿಲ್ಲ. ತಾಯಿಯಿಲ್ಲದ ಹುಡುಗಿಗೆ ಉಳಿದಿರುವವನು ತಾನೊಬ್ಬ. ಅವನನ್ನೂ ಅವಳಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡು ನಾಲ್ಕೂ ಫೋಲ್ಡರು ಆರಿಸಿದ.

ಅಳಿಸಬೇಕೇ ಎಂದು ಕಂಪ್ಯೂಟರು ಕೇಳಿತು.

ಸ್ಟೂಲು ಕಿರ್ ಎಂದಿತು. ಅವನು ತಲೆಯೆತ್ತಲಿಲ್ಲ. ಯಾರೋ ಕಾಯುತ್ತಿರುವಾಗ ನೆತ್ತಿಯ ಮೇಲೆ ಅವರ ಕಣ್ಣು ತಾಗುತ್ತದಲ್ಲ, ಹಾಗೆ ತಾಗುತ್ತಿತ್ತು. ಹದಿನೇಳು ವರ್ಷ ಅವಳು ಹಾಗೆಯೇ ಎದುರಿಗೆ ಕೂತು ಅವನ ನೆತ್ತಿಯನ್ನು ನೋಡಿದ್ದಳು, ಇವನು ಬಗ್ಗಿ ಪರದೆಯಲ್ಲಿ ಅಂಚು ನೋಡುತ್ತಿದ್ದ. ಒಂದೇ ಒಂದು ಸಲ ತಲೆಯೆತ್ತಿದ್ದರೆ ಸಾಕಿತ್ತು. ಅವನು ಬೇಡ ಎಂದು ಒತ್ತಿದ.

ಸಂಜೆ ಮಗಳು ಬಂದಳು. ಅವನು ಕಟ್ಟಿದ ಫೋಟೋವನ್ನು ತೋರಿಸಿದ. ಅವಳು ಬ್ಯಾಗು ಹೆಗಲಿನಿಂದ ಇಳಿಸದೆ ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ," ಎಂದಳು. "ಯಾರಪ್ಪಾ ಇದು?"

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ. ಅಮ್ಮನ ಥರ ವೇಷ ಹಾಕಿರೋ ಆಂಟಿ ಇದ್ದ ಹಾಗಿದೆ. ಅಮ್ಮ ಹಿಂಗೆ ನಗ್ತಾನೇ ಇರ್ಲಿಲ್ಲ. ಅಮ್ಮ ನಗ್ಬೇಕಾದ್ರೆ ಮೊದ್ಲು ಬೈತಿದ್ಲು."

ಅವನಿಗೆ ನಗು ಬಂದು ಅರ್ಧಕ್ಕೇ ನಿಂತಿತು. "ಕೂತ್ಕೋ," ಎಂದ. ಅವಳು ಬೇರೆ ಕುರ್ಚಿ ಇಲ್ಲದ್ದರಿಂದ ಸ್ಟೂಲನ್ನೇ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನು ನಾಲ್ಕು ಲೆನ್ಸಿನ ಫೋಟೋಗಳನ್ನೂ ಒಂದೊಂದಾಗಿ ತೆರೆದು, ಚುಕ್ಕೆಗಳನ್ನು ತೋರಿಸಿ, ಕೊಕ್ಕೆಯನ್ನು ತೋರಿಸಿದ. ಗಡಿಯಾರದ ಒಂಬತ್ತನ್ನು ತೋರಿಸಿದ. ಪತ್ರಿಕೆಯಲ್ಲಿ ಬರೆದದ್ದನ್ನು ಓದಲು ಕೊಟ್ಟ. ಅಮ್ಮ ಕೇಳಿದ್ದನ್ನೂ ತಾನು ಅಂದದ್ದನ್ನೂ ಒಂದಕ್ಷರ ಬಿಡದೆ ಹೇಳಿದ. ಹೇಳುವಾಗ ಪರದೆಯನ್ನು ನೋಡಲಿಲ್ಲ, ಮಗಳ ಮುಖವನ್ನೇ ನೋಡಿದ. ಅದು ಬಹಳ ಕಷ್ಟದ ಕೆಲಸವಾಗಿತ್ತು.

ಅವಳು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಅಲ್ಲೇ ಕೂತಿದ್ದ. ಪಕ್ಕದ ಮನೆಯ ನಲ್ಲಿ ಸುರಿದು ನಿಂತಿತು. ಬೀದಿಯಲ್ಲಿ ಯಾರೋ ಗಾಡಿ ನಿಲ್ಲಿಸಲು ಹಿಂದೆ ಮುಂದೆ ಮಾಡಿ, ಬೈದುಕೊಂಡು, ಕೊನೆಗೆ ನಿಲ್ಲಿಸಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡಿದ್ದಳು.

"ನನ್ನೂ ಕೇಳಿದ್ಲು," ಎಂದಳು.

"ಏನು?"

"ನನ್ನ ಬಾಯಿ ಒಂದು ಕಡೆ ಸೊಟ್ಟಗೆ ಕಾಣುತ್ತಾ ನೋಡೇ ಅಂತ. ನಾನು ಮೊಬೈಲ್ ನೋಡ್ತಿದ್ದೆ. ಇಲ್ಲಮ್ಮಾ ಅಂದೆ." ಅವಳ ದನಿ ಎಲ್ಲೂ ಏರಲಿಲ್ಲ. "ನೋಡ್ಲೇ ಇಲ್ಲ ನಾನು."

"ನೀನು ಮಗು ಕಣಮ್ಮಾ. ನಾನು..."

"ಸುಮ್ನಿರಪ್ಪಾ."

ಅವಳು ಬಂದು ಅವನ ಕೈಯಿಂದ ಮೌಸು ತೆಗೆದುಕೊಂಡಳು. ಕೊನೆಯ ಲೆನ್ಸಿನ ಫೋಟೋಗಳನ್ನು ಒಂದೊಂದೇ ದಾಟಿಸುತ್ತ ಹೋಗಿ ಒಂದರ ಮೇಲೆ ನಿಂತಳು. ಅದರ ಕೆಳಗೆ ಅವನೇ ಬರೆದುಕೊಂಡಿದ್ದ ಟಿಪ್ಪಣಿ: 'ಬೇಡ. ಕೈ ಅಡ್ಡ.'

ಅದರಲ್ಲಿ ಹೆಂಡತಿ ಬಲಗೆನ್ನೆಯ ಮೇಲೆ ಎಡಗೈಯ ಅಂಗೈ ಒತ್ತಿ ಹಿಡಿದಿದ್ದಳು. ಅವನಿಗೆ ಆ ದಿನ ನೆನಪಿತ್ತು. "ಕೈ ತೆಗಿಯೇ, ಅಂಚು ಕಾಣ್ತಿಲ್ಲ" ಎಂದು ರೇಗಿದ್ದ. ಅವಳು "ಇರ್ಲಿ ರೀ, ಹಿಂಗಿದ್ರೆ ನಿಮ್ಮ ಲೆನ್ಸು ಪಾಸಾಗುತ್ತೆ" ಎಂದು ಬೈಗುಳದ ಹಾಗೆ ಮೂತಿ ಮಾಡಿದ್ದಳು, ನಗು ಇನ್ನೇನು ಬರಬೇಕು. ಕೈ ಒತ್ತಿದ್ದರಿಂದ ಕೆನ್ನೆ ನಿಂತಿತ್ತು. ಆ ನಾಲ್ಕು ಲೆನ್ಸಿನ ಫೋಟೋಗಳಲ್ಲಿ ಕಣ್ಣು, ಮೂಗುತಿ, ಮಚ್ಚೆ, ತುಟಿಯ ಎರಡು ತುದಿ, ಎಲ್ಲವೂ ಸ್ಪಷ್ಟವಾಗಿ ಮುಖದ ತುಂಬ ಅವಳೇ ಇದ್ದ ಫೋಟೋ ಅದೊಂದೇ.

"ಇದು," ಎಂದಳು ಮಗಳು. "ಏನೂ ಮುಟ್ಬೇಡ. ಹೀಗೇ ಹಾಕ್ಕೊಡು."

ಅಚ್ಚು ಹಾಕುವ ಮುಂಚೆ ಅಭ್ಯಾಸಬಲದಿಂದ ಅವನು ಹೆಂಡತಿಯ ಕಣ್ಣನ್ನು ದೊಡ್ಡದು ಮಾಡಿ ನೋಡಿದ. ಕಪ್ಪು ಗುಡ್ಡೆಯೊಳಗೆ ಉತ್ತರದ ಕಿಟಕಿ, ಕಿಟಕಿಯ ಪಕ್ಕ ಟ್ರೈಪಾಡಿನ ಮೂರು ಕಾಲು, ಅದರ ಹಿಂದೆ ಒಬ್ಬ ಗಂಡಸು. ಅವಳು ಅವನನ್ನು ನೋಡುತ್ತಿದ್ದಳು. ಅವನ ತಲೆ ಬಗ್ಗಿತ್ತು.

ಅವನು ಏನೂ ತಿದ್ದದೆ ಅಚ್ಚು ಹಾಕಿದ. ಮಗಳು ಅದನ್ನು ತನ್ನ ಮೇಜಿನ ಮೇಲೆ, ದೀಪದ ಪಕ್ಕ ಇಟ್ಟುಕೊಂಡಳು.

ಹೆಂಡತಿಯನ್ನೇ ನೋಡಿ ತೆಗೆಯುತ್ತೇನೆಂದಿದ್ದ ಆ ಒಂದು ಫೋಟೋವನ್ನು ಅವನು ತೆಗೆಯಲೇ ಇಲ್ಲ.